ರಿಲೇಯ ಮೇಲೆ ಕಾಲುಚೀಲ

ಸಾಗರ
2-8-1987

ಚಿ. ಸೌ. ವನಮಾಲಳಿಗೆ ನಿನ್ನ ಸೀತಾರಾಮಪ್ಪ ಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲ. ತಪ್ಪು ನನ್ನದೇ. ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಸಿಟ್ಟು ಬಂದು ಹರಿದು ಹಾಕಿದೆ. ಸಿಟ್ಟು ಇವತ್ತೂ ಇಳಿದಿಲ್ಲ. ಆದರೆ ರಿಪೇರಿ ಅಂಗಡಿಯಲ್ಲಿ ಕರೆಂಟಿಲ್ಲ, ಕೈಯಲ್ಲಿ ಕೆಲಸವಿಲ್ಲ, ಬರೆದೇ ಬಿಡುತ್ತೇನೆ. ನಿಮ್ಮಮ್ಮ ಹೋದ ವಾರ ಬಂದಿದ್ದಳು. ಅವಳ ಮಂಡಿನೋವು ಈಗ ಕಡಿಮೆ. ಮಗಳು ತೀರ್ಥಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ ಎಂದು ಬಸ್ಸಿನ ಕಂಡಕ್ಟರಿಗೂ ಹೇಳಿಕೊಂಡು ಬಂದಳಂತೆ.

ಹೊಸನಗರದ ಕೋಳಿ ಸಂಘದಲ್ಲಿ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗೆ ನಾನು ಕಂಟ್ರೋಲ್ ಮಾಡಿಕೊಟ್ಟದ್ದು ನಿನಗೆ ನೆನಪಿರಬೇಕು. ಹೋದ ವರ್ಷ ಬೇಸಿಗೆ ರಜೆಯಲ್ಲಿ ನೀನೇ ಜೊತೆಗಿದ್ದೆ. ಹೀಟರಿಗೆ ಕರೆಂಟು ಕೊಟ್ಟು ಕಡಿಯುವ ಹಳೆಯ ಕಂಟ್ಯಾಕ್ಟರ್ ದಿನವಿಡೀ ಟಕ್ ಟಕ್ ಎಂದು ಬಡಿದುಕೊಂಡು ಅದರ ಪಾಯಿಂಟುಗಳು ಸುಟ್ಟುಹೋಗುತ್ತಿದ್ದವು. ಅದಕ್ಕೇ ಬೊಂಬಾಯಿಯಿಂದ ಸಾಲಿಡ್ ಸ್ಟೇಟ್ ರಿಲೇ ತರಿಸಿದೆವು. ಸದ್ದಿಲ್ಲ, ಸವೆಯುವ ಭಾಗವಿಲ್ಲ. ಅದರ ಇಂಗ್ಲಿಷ್ ಪುಸ್ತಕ ಓದಿ ನನಗೆ ಹೇಳಿದವಳು ನೀನು. "ಮಾವ, ಇದು ಕೆಲಸ ಮಾಡ್ತಾ ಮಾಡ್ತಾ ತಾನೇ ಬಿಸಿಯಾಗುತ್ತೆ. ಆ ಬಿಸಿ ಹೊರಗೆ ಹೋಗ್ಲೇಬೇಕು. ಇನ್ನೊಂದ್ ವಿಷ್ಯ, ಇದು ಕೆಟ್ರೆ ಹೆಚ್ಚಾಗಿ ಆಫ್ ಆಗಿ ಕೂರಲ್ಲ, ಹೀಟರ್ ಉರೀತಾನೇ ಇರುತ್ತೆ," ಎಂದಿದ್ದೆ.

ಆ ಮಾತಿಗೆ ತಕ್ಕಂತೆ ಎಲ್ಲ ಮಾಡಿದೆ. ಒಂಬತ್ತು ಆಂಪಿಯರ್ ಎಳೆಯುವ ಹೀಟರಿಗೆ ಇಪ್ಪತ್ತೈದರ ರಿಲೇ. ಅದರ ಬೆನ್ನಿಗೆ ಬಿಳಿ ಪೇಸ್ಟು ಬಳಿದು ಅಲ್ಯೂಮಿನಿಯಂ ಪಟ್ಟಿಗಳ ಹೀಟ್ ಸಿಂಕ್ ಕೂರಿಸಿ, ಗಾಳಿಯಾಡಲೆಂದು ಹೊರಗಿಟ್ಟೆ. ಬೇಗ ಹಾರುವ ಫ್ಯೂಸು ಹಾಕಿದೆ, ಸಿಡಿಲಿನ ಹೊಡೆತಕ್ಕೊಂದು ತಡೆ ಹಾಕಿದೆ. ಇಷ್ಟರ ಮೇಲೂ ರಿಲೇ ಕೈಕೊಟ್ಟರೆ ಎಂದು ಬೇರೆಯೇ ಒಂದು ಥರ್ಮೋಸ್ಟಾಟ್ ಕಾವಲಿಗಿಟ್ಟೆ. ಪೆಟ್ಟಿಗೆಯೊಳಗಿನ ಬಿಸಿ ಮಿತಿ ದಾಟಿದರೆ ಅದು ಹೀಟರಿನ ಕರೆಂಟನ್ನೇ ಕಡಿಯುತ್ತದೆ. ಯಾರಾದರೂ ಬಂದು ಕೆಂಪು ಗುಂಡಿ ಒತ್ತುವ ತನಕ ಮತ್ತೆ ಕೊಡುವುದಿಲ್ಲ. ಇದಕ್ಕಿಂತ ಇನ್ನೇನು ಮಾಡಬೇಕಿತ್ತು, ನೀನೇ ಹೇಳು.

ವರ್ಷಪೂರ್ತಿ ಒಂದು ದೂರಿಲ್ಲದೆ ನಡೆಯಿತು. ಜುಲೈ ಒಂಬತ್ತಕ್ಕೆ ಸಂಘದಿಂದ ಫೋನು. ಹೋಗಿ ನೋಡಿದರೆ ಸಾವಿರದ ಇನ್ನೂರು ಮೊಟ್ಟೆ ಕೂತಲ್ಲೇ ಬೆಂದಿದ್ದವು. ಇನ್ನೆರಡು ದಿನಕ್ಕೆ ಮರಿ ಹೊರಬರಬೇಕಿತ್ತು. ಒಂದನ್ನು ಒಡೆದು ನೋಡಿದೆ. ಒಳಗಿನ ಮರಿಗೆ ಪುಕ್ಕ ಮೂಡಿತ್ತು.

ಕಾರಣ ಹುಡುಕಲು ಐದು ನಿಮಿಷ ಸಾಕಾಯಿತು. ಹೀಟ್ ಸಿಂಕಿನ ಮೇಲೆ ಏನಿತ್ತು ಗೊತ್ತೇ? ಕಾಲುಚೀಲ! ಎರಡು ಜೊತೆ. ಜೊತೆಗೆ ನಾಲ್ಕು ಬೆಂಕಿಪೊಟ್ಟಣ, ಮಡಚಿದ ಪೇಪರು, ಒಂದು ಉಪ್ಪಿನ ಪೊಟ್ಟಣ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಕಂಡರೆ ನಮ್ಮ ಕಡೆಯವರು ಸುಮ್ಮನೆ ಬಿಡುತ್ತಾರೆಯೇ? ಒಲೆಯ ದಂಡೆ ಆಯಿತು, ರೇಡಿಯೋದ ತಲೆ ಆಯಿತು, ಈಗ ನನ್ನ ರಿಲೇ. ಬಿಸಿ ಹೊರಗೆ ಹೋಗಲಿ ಎಂದು ನಾನು ಬಿಟ್ಟ ಜಾಗಕ್ಕೆ ಕಂಬಳಿ ಹೊದಿಸಿದಂತೆ ಮಾಡಿದ್ದರು.

ಮೊಟ್ಟೆ ನೋಡಿಕೊಳ್ಳುವ ಗುತ್ಯಮ್ಮನನ್ನು ಕೇಳಿದೆ. "ನಾನೆಂತ ಮಾಡ್ಲಿ ಅಯ್ಯಾ? ಬೆಂಕಿಪೊಟ್ಣ ತಂಡಿ ಹಿಡೀತದೆ ಅಂತ ಮೊದ್ಲು ಇಟ್ಟೋಳು ನಾನೇ. ಆಮೇಲೆ ಸೆಕ್ರೆಟ್ರಿಗಳು ಕಾಲುಚೀಲ ತಂದಿಟ್ರು. ಅವ್ರೇ ಇಟ್ಮೇಲೆ ತಪ್ಪಲ್ಲ ಅಂದ್ಕಂಡೆ," ಎಂದಳು. ಕೆಂಪು ಗುಂಡಿ ಏನಾಯಿತು ಎಂದೆ. "ಮೂರು ದಿನದಿಂದ ಅದು ಕರೆಂಟ್ ಕಡ್ದು ಕಡ್ದು ಕೂರ್ತಿತ್ತು. ಪದೇ ಪದೇ ಒತ್ತೋರ್ಯಾರು ಅಂತ ಸೆಕ್ರೆಟ್ರಿಗಳೇ ಗುಂಡಿ ಒತ್ಕಂಡೇ ಇರೋ ಹಂಗೆ ತಂತಿ ಸುತ್ತಿಸಿದ್ರು."

ಕೇಳಿದೆಯಾ? ಬಿಸಿಯಾದ ರಿಲೇ ಆಗಾಗ ಬಿಡದೆ ಕಚ್ಚಿಕೊಳ್ಳುತ್ತಿದೆ ಎಂದು ಆ ಕಾವಲು ಮೂರು ದಿನ ಕೂಗಿ ಹೇಳಿದೆ. ಇವರು ಅದರ ಬಾಯಿಗೆ ಬಟ್ಟೆ ತುರುಕಿದರು. ನಾಲ್ಕನೆಯ ದಿನ ರಿಲೇ ಪೂರ್ತಿ ಶಾರ್ಟ್ ಆಯಿತು, ಹೀಟರ್ ಉರಿಯುತ್ತಲೇ ಉಳಿಯಿತು. ಗುತ್ಯಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದವಳು ಅವಳೊಬ್ಬಳೇ.

ಇಪ್ಪತ್ತಾರಕ್ಕೆ ಸಂಘದ ಸಭೆ. ಸೆಕ್ರೆಟರಿ ಸುಬ್ಬರಾಯ ಎದ್ದು ನಿಂತು, "ಸೀತಾರಾಮಪ್ನೋರೇ, ಒಂದು ಕಾಲುಚೀಲಕ್ಕೆ ಹಾಳಾಗ್ತದೆ ಅಂದ್ರೆ ಅದೆಂಥಾ ಮಿಷನ್ ಮಾರಾಯ್ರೆ?" ಎಂದ. ಎಲ್ಲರೂ ನಕ್ಕರು. ತಂತಿಯ ಮಾತೆತ್ತಿದರೆ, ಅದನ್ನು ಸುತ್ತಿದ್ದು ನಾನೇ ಇರಬೇಕಂತೆ! ಕೊನೆಗೆ ಜೇಬಿನಿಂದ ಒಂದು ಕಾಗದ ತೆಗೆದ. ಯಾರೋ ಓದಿದವರಿಂದ ಬರೆಸಿಕೊಂಡ ತಜ್ಞರ ಅಭಿಪ್ರಾಯವಂತೆ. ಪ್ರಮಾಣಪತ್ರವಿಲ್ಲದವರು ಅಳವಡಿಸಿದ್ದರಿಂದ ರಿಲೇ ಕೆಟ್ಟಿದೆ, ಇಷ್ಟೇ ನಾಲ್ಕು ಸಾಲು. ಪೆಟ್ಟಿಗೆ ನೋಡಿಲ್ಲ, ರಿಲೇ ಮುಟ್ಟಿಲ್ಲ, ಗುತ್ಯಮ್ಮನನ್ನು ಕೇಳಿಲ್ಲ. ಅದನ್ನು ಓದಿದ ಮೇಲೆ ಸಭೆಯಲ್ಲಿ ನನ್ನ ಮಾತಿಗೆ ಬೆಲೆ ಇರಲಿಲ್ಲ. ಇನ್ನು ಸಂಘದ ಯಾವ ಯಂತ್ರಕ್ಕೂ ನಾನು ಕೈ ಹಚ್ಚಕೂಡದು ಎಂದು ಠರಾವಾಯಿತು.

ಮೂವತ್ತು ವರ್ಷದ ಹೆಸರು, ವನಮಾಲಾ. ಮೊನ್ನೆ ಒಬ್ಬರು ರಿಪೇರಿಗೆ ಕೊಟ್ಟಿದ್ದ ಇಸ್ತ್ರಿಪೆಟ್ಟಿಗೆಯನ್ನು ನಾನು ಬಿಚ್ಚುವ ಮೊದಲೇ ವಾಪಸ್ ಒಯ್ದರು. "ಗಡಿಬಿಡಿ ಏನಿಲ್ಲ, ಇರ್ಲಿ ಬಿಡಿ," ಎಂದರು. ಗಡಿಬಿಡಿ ಇಲ್ಲದಿದ್ದರೆ ಇಲ್ಲೇ ಬಿಡಬಹುದಿತ್ತಲ್ಲ?

ಇರಲಿ. ಮಳೆಯಲ್ಲಿ ಓಡಾಡುವಾಗ ಜಾಗ್ರತೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೂ ಮನೆಯವರಿಗೂ ದೇವರು ಆಯುರಾರೋಗ್ಯ ಕೊಡಲಿ.

ಇಂತಿ ನಿನ್ನ ಮಾವ,
ಸೀತಾರಾಮಪ್ಪ

ತಾ.ಕ.: ಆ ಅಭಿಪ್ರಾಯದ ಕಾಗದವನ್ನು ಸುಬ್ಬರಾಯ ನನ್ನ ಮುಂದೆ ಹಿಡಿದ. ಕನ್ನಡಕ ಒಯ್ದಿರಲಿಲ್ಲ. ಆದರೂ ಕೆಳಗಿದ್ದ ನಿನ್ನ ಸಹಿ ಗುರುತು ಹತ್ತಿತು. ನಿಮ್ಮ ಕಾಲೇಜಿನ ಪ್ರಿನ್ಸಿಪಾಲರು ಮುಂದಿಟ್ಟಿರಬಹುದು, ನೀನು ಹಾಕಿರಬಹುದು. ಒಂದು ಕಾರ್ಡು ಬರೆದು ಕೇಳಿದ್ದರೆ ಆ ರಿಲೇಯನ್ನು ನಾನೇ ಹೊತ್ತು ತಂದು ತೋರಿಸುತ್ತಿದ್ದೆನಲ್ಲ, ಮಗಳೇ. ಇವಳು ನನ್ನ ತಂಗಿಯ ಮಗಳು, ಬೆಸುಗೆ ಹಾಕಲು ಕಲಿತದ್ದು ನನ್ನ ಅಂಗಡಿಯಲ್ಲಿ ಎಂದು ಸಭೆಯಲ್ಲಿ ನಾನು ಹೇಳಲಿಲ್ಲ. ನಿಮ್ಮಮ್ಮನಿಗೂ ಹೇಳಿಲ್ಲ, ನೀನೂ ಹೇಳಬೇಡ. ಸುಟ್ಟ ರಿಲೇಯನ್ನೂ ಆ ತಂತಿಯನ್ನೂ ಈ ಕಾಗದದ ಜೊತೆಗೇ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಈ ಸಲ ಮೊದಲು ನೋಡು. ಸಹಿ ಆಮೇಲೆ ಹಾಕು.