ಜಾಕೀಟಿನ ಖಟ್ಲೆ

೧೨ ಫೆಬ್ರುವರಿ ೧೯೬೪, ಭಟ್ಕಳ
ಅಂಗಡಿ ಗುಡಿಸಿದೆ. ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಟ್ಟೆ. ಇವರು ಕತ್ತರಿ ಮುಟ್ಟದೆ ಕೂತಿದ್ದರು. ಕಸ್ಟಮ್ಸ್‌ನವರು ಹಿಡಿದು, ಜಾಮೀನಿನ ಮೇಲೆ ಬಿಟ್ಟಾಗಿನಿಂದ ಹೀಗೇ. ಮಾಡಿದ್ದೆಂತ? ದೋಣಿ ಸಾಹುಕಾರ ಕಮಲಾಕರನಿಗೆ ಜಾಕೀಟು ಹೊಲಿದುಕೊಟ್ಟದ್ದು. ಒಳಗೆಲ್ಲ ಸಣ್ಣ ಸಣ್ಣ ಕಿಸೆ. ಬೀಡಿ ಒದ್ದೆಯಾಗದ ಹಾಗೆ ಅಂದಿದ್ದ. ಅದರಲ್ಲಿ ಬಂದದ್ದು ಕಳ್ಳಬಂಗಾರ.

೧೫ ಫೆಬ್ರುವರಿ
ಹೊನ್ನಾವರಕ್ಕೆ ಹೋಗಿ ತ್ರ್ಯಂಬಕ ವಕೀಲರನ್ನು ಕಂಡೆವು.
"ಸಂಚಿನ ಕಲಮು ಹಾಕಿದ್ದಾರೆ, ಲಿಂಗಪ್ಪ. ಬಂಗಾರ ಮುಟ್ಟಬೇಕಂತಿಲ್ಲ. ಗೊತ್ತಿದ್ದೂ ಕೈ ಜೋಡಿಸಿದರೆ ಸಾಕು, ಎಲ್ಲರೂ ಒಂದೇ."
ಇವರು ಬಿಳುಚಿಕೊಂಡರು. "ಗೊತ್ತಾದ ದಿನವೇ ಇನ್ನು ಹೊಲಿಯೂದಿಲ್ಲ ಅಂದೆ. ಕಮಲಾಕರ ಅಂಗಡಿಗೇ ಬಂದು ಕುತ್ತಿಗೆ ಹಿಡಿದ."
"ಕಂಡವರು ಯಾರು?"
ಮೀನು ಮಾರುವ ದುರ್ಗಿ. ರವಿಕೆ ಅಳತೆಗೆ ಬಂದಿದ್ದಳು. ಆದರೆ ಅವಳಿಗೆ ಮೀನು ಸಿಗುವುದೇ ಕಮಲಾಕರನ ದೋಣಿಯಿಂದ...

೨ ಮಾರ್ಚ್
ದುರ್ಗಿ ಮನೆಗೆ ಹೋದೆ. "ನಂಗೆ ಎಂತ ಗೊತ್ತಿಲ್ಲ ವಸಂತಕ್ಕ" ಅಂದಳು. ಮುಖ ಎತ್ತಲಿಲ್ಲ. ಮಕ್ಕಳು ಗಂಜಿ ಉಣ್ಣುತ್ತಿದ್ದವು. ಸಿಟ್ಟು ಮಾಡಲು ಆಗಲಿಲ್ಲ.

೯ ಏಪ್ರಿಲ್, ಸಂಜೆ
ದುರ್ಗಿ ಬಂದಳು! ಇವತ್ತು ಹೊನ್ನಾವರ ಕೋರ್ಟಿನಲ್ಲಿ ವಿಚಾರಣೆ. ಹೊಳೆಯ ಈಚೆ ದಡದ ಕಾಸರಕೋಡಿನಲ್ಲಿ ಬಸ್ಸಿಳಿದು ದೋಣಿಯಲ್ಲಿ ದಾಟಲು ಹೋದರೆ ಅಲ್ಲಿ ನಿಂತಿದ್ದಾಳೆ, ಒಗೆದ ಸೀರೆ ಉಟ್ಟು.
"ಅವ ನಿನ್ನೆ ನಮ್ಮನಿಗೆ ಜನ ಕಳಿಸ್ದ. ಬಾಯಿ ಬಿಟ್ರೆ ಹುಷಾರ್ ಅಂದ್ರು, ಮಕ್ಕಳ ಎದುರಿಗೇ. ಹಂಗಾರೆ ಬಾಯಿ ಬಿಟ್ಟೇ ಬಿಡ್ತೆ."
ಕೋರ್ಟಿನಲ್ಲಿ ಕಮಲಾಕರನ ಕಡೆ ಕೈ ತೋರಿಸಿಯೇ ಹೇಳಿದಳು— "ಇವ ಕುತ್ತಿಗೆ ಹಿಡ್ದ. ಟೇಲರಣ್ಣ ಹೊಲಿಯೂದಿಲ್ಲ ಅಂದ. ನಾ ಕಂಡೆ."
ಅವನ ವಕೀಲ ಗದರಿಸಿದ. ಇವಳು ಅದನ್ನೇ ಇನ್ನೊಮ್ಮೆ ಹೇಳಿದಳು, ಇನ್ನೂ ದೊಡ್ಡಕ್ಕೆ.

೩೦ ಏಪ್ರಿಲ್
ಇವರು ಬಿಡುಗಡೆ. ಕಮಲಾಕರನಿಗೂ ಅವನ ಜನಕ್ಕೂ ಜೈಲು. ಕೋರ್ಟಿನ ಮೆಟ್ಟಿಲ ಮೇಲೆ ಇವರು ಅತ್ತರು. ಅಷ್ಟು ಜನರ ಎದುರಿಗೆ ಕೈ ಹಿಡಿದುಕೊಂಡೆ. ನಾಚಿಕೆ ಆಗಲಿಲ್ಲ.

೩ ಮೇ, ಮಧ್ಯಾಹ್ನ
ಇವರು ಎರಡು ಸಲ ಅನ್ನ ಹಾಕಿಸಿಕೊಂಡರು. ಈಗ ಗೊರಕೆ... ಕೇಳುತ್ತ ಕೂತಿದ್ದೇನೆ, ಹುಚ್ಚಿಯ ಹಾಗೆ.
ಸಾಕ್ಷಿ ಹೇಳಿದ್ದಕ್ಕೆ ದುರ್ಗಿಗೆ ಈ ಬಂದರದಲ್ಲಿ ಮೀನು ಕೊಡುವವರಿಲ್ಲ. ಅಳ್ವೆಕೋಡಿ ಬಂದರದವರೆಗೆ ನಡೆಯುತ್ತಾಳೆ. ಬೇಜಾರಾ ಅಂದರೆ, "ಅಲ್ಲಿ ಬಂಗಡೆ ದೊಡ್ಡದು" ಅನ್ನುತ್ತಾಳೆ.
ಅಗೋ, ಅವಳದೇ ದನಿ. ಬಿಸಿಲಿನಲ್ಲಿ ಬಂದಿದ್ದಾಳೆ. ಇವತ್ತಾದರೂ ಯಾವಾಗಿನ ಹಾಗೆ ಹೊರಗೆ ನಿಲ್ಲಿಸದೆ ಒಳಗೆ ಕರೆದು, ಊಟದ ಬಟ್ಟಲು ಹಾಕಿ ಬಡಿಸಬೇಕು—