ಕುಂಡದ ಆಲಕ್ಕೆ ಹೊಸ ಮಣ್ಣು

ಸೋಲಾಪುರ
೩ ಜುಲೈ ೨೦೨೫

ಮುನಿಸಿಕೊಂಡು ಅಕ್ಕಲಕೋಟೆಯ ತಂಗಿಯ ಮನೆ ಸೇರಿದ ನನ್ನ ಯಜಮಾನರಿಗೆ, ಕುಮುದಿನಿಯ ನಮಸ್ಕಾರಗಳು.

ಫೋನು ಎತ್ತುವುದಿಲ್ಲವಲ್ಲ, ಅದಕ್ಕೇ ಈ ಪತ್ರ. ಬೇಕೆಂದೇ ಕನ್ನಡದಲ್ಲಿ ಬರೆದಿದ್ದೇನೆ. ಆ ಮನೆಯ ಹುಡುಗರಿಗೆ ಮರಾಠಿ ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ನೀವು ಬೈಸಿಕೊಳ್ಳುವುದು ನಿಮಗಷ್ಟೇ ತಿಳಿದರೆ ಸಾಕು.

ವಟಪೂರ್ಣಿಮೆಯ ದಿನ ಮಳೆ ಇತ್ತು. ಏಳು ಜನ್ಮಕ್ಕೂ ಇದೇ ಗಂಡ ಬೇಕೆಂದು ಆಲಕ್ಕೆ ದಾರ ಸುತ್ತಲು ಬಿಲ್ಡಿಂಗಿನ ಹೆಣ್ಣುಮಕ್ಕಳೆಲ್ಲ ನಮ್ಮ ಬಾಲ್ಕನಿಗೇ ಬಂದರು. ನೌಕರಿಯ ಕಾಲದಿಂದ ನೀವು ಸಾಕಿದ ಗೇಣುದ್ದದ ಬೋನ್ಸಾಯ್ ಆಲ ದಾರದ ಉಂಡೆಯಾಯಿತು; ಬುಡದ ತುಂಬ ಹಾಲು, ಕುಂಕುಮ. ನೀವು ಬಂದು ನೋಡಿ, "ಈ ಮನ್ಯಾಗ ನಾ ಇರಬೇಕು, ಇಲ್ಲಾ ಇವರಿರಬೇಕು" ಎಂದಿರಿ. ಚಹಾ ಸೋಸುತ್ತಿದ್ದ ನಾನು, "ಹಂಗಾರ ನೀವ ಒಂದೀಟು ಹೊರಗ ಹೋಗಿ ಬರ್ರಿ" ಎಂದೆ. ಹೋದವರು ಇನ್ನೂ ಬಂದಿಲ್ಲ.

ಆಮೇಲೆ ಎಲೆ ಉದುರತೊಡಗಿತು. ಮರ ಸತ್ತರೆ ನೀವು ಈ ಮನೆಯ ಹೊಸ್ತಿಲು ತುಳಿಯಲಾರಿರಿ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ದಾರ ಬಿಚ್ಚಿ, ಮರ ಎತ್ತಿದರೆ ಕುಂಡದಲ್ಲಿ ಮಣ್ಣೇ ಇಲ್ಲ. ಬರೀ ಬೇರು, ಶಾವಿಗೆಯಂತೆ ಸುತ್ತಿಕೊಂಡಿದೆ. ಹಾಲು-ಕುಂಕುಮದ ಮೇಲೇ ಎಲ್ಲ ತಪ್ಪು ಹೊರಿಸಬೇಡಿ. ಕಣ್ಣಿನ ಆಪರೇಷನ್ ಆದಾಗಿನಿಂದ ನೀವು ಅದರ ಮಣ್ಣು ಬದಲಿಸಿಯೇ ಇಲ್ಲ. ನೀರೆರೆದು ಬೆಳೆಸಿದ್ದು ಸಿಟ್ಟನ್ನು ಮಾತ್ರ.

ಬೇರು ಕತ್ತರಿಸಲು ಕುಳಿತಾಗ ಪಕ್ಕದ ಮನೆಯ ಮಂಜರಿ ಗಾಬರಿಯಾಗಿ, "ಕಾಕೂ, ಆಲದ ಬೇರು ಕತ್ತರಿಸಿದ್ರ ಕಾಕಾರ ಆಯುಷ್ಯ ಕಡಿಮಿ ಆಗತದರಿ" ಎಂದಳು. ಅದೆಲ್ಲ ನಂಬುವುದಿಲ್ಲ ಎಂದೆ. ಆದರೂ ಒಂದು ಬೇರು ಕತ್ತರಿಸಿ ನಿಮ್ಮ ತಂಗಿಗೆ ಫೋನು ಮಾಡಿದೆ. ಅಣ್ಣ ಆರಾಮ ಇದ್ದಾನೆ, ಎರಡನೇ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದಾನೆ ಎಂದಳು. ಸಿಟ್ಟು ಬಂದು ಉಳಿದ ಬೇರನ್ನೆಲ್ಲ ಸರಸರನೆ ಕತ್ತರಿಸಿದೆ.

ಇಟ್ಟಿಗೆಯ ಪುಡಿ, ಮರಳು, ಗೊಬ್ಬರ ಕಲಸಿ, ಅಲುಗದಂತೆ ತಂತಿ ಕಟ್ಟಿ ಅದೇ ಕುಂಡದಲ್ಲಿ ಕೂರಿಸಿ ನೆರಳಿಗಿಟ್ಟೆ. ಬೋಳಾಗಿದ್ದ ಮರದಲ್ಲಿ ಇವತ್ತು ಬೆಳಿಗ್ಗೆ ಕೆಂಪು ಚಿಗುರು! ಕುಣಿಯುವಷ್ಟು ಸಂತೋಷವಾಯಿತು. ಕರೆದು ತೋರಿಸೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ.

ನಿಮ್ಮ
ಕುಮುದಿನಿ

ತಾ.ಕ.: ಅಂದು ಎಲ್ಲರಿಗೂ ಚಹಾ ಕೊಡುವುದರಲ್ಲಿ, ಮೇಲೆ ನಿಮ್ಮ ಜಗಳದಲ್ಲಿ, ನಾನು ದಾರ ಸುತ್ತುವುದೇ ಉಳಿದುಹೋಯಿತು. ಮದುವೆಯಾದ ಮೇಲೆ ತಪ್ಪಿದ್ದು ಇದೇ ಮೊದಲು. ಹೀಗಾಗಿ ಮುಂದಿನ ಜನ್ಮದಲ್ಲಿ ನೀವು ಸಿಗುತ್ತೀರೋ ಇಲ್ಲವೋ, ನಾನು ಹೇಳಲಾರೆ. ಇದೊಂದು ಜನ್ಮವನ್ನಾದರೂ ತಂಗಿಯ ಮನೆಯಲ್ಲಿ ಕಳೆಯಬೇಡಿ. ಪತ್ರ ಮುಟ್ಟಿದ ದಿನವೇ ಬಸ್ಸು ಹತ್ತಿ.