ಎಡಮಗ್ಗುಲಿಗೆ ಟೀವಿ

ಆಗಸ್ಟ್ 5, ಸೋಮವಾರ. ಮಧ್ಯಾಹ್ನ

ಗೋಪಿನಾಥಂ ಬಸ್ಸಿನ ನೈಟ್ ಹಾಲ್ಟ್ ಮುಗಿಸಿ, ಕೊಳ್ಳೇಗಾಲ ಡಿಪೋದಲ್ಲಿ ಟಿಕೆಟ್ ಕಲೆಕ್ಷನ್ ಕಟ್ಟಿ ಮನೆಗೆ ಬಂದೆ. ಹಸಿವು. ಬಾಗಿಲು ತೆಗೆದರೆ ಪದ್ಮಿನಿ ಹಾಲಿನಲ್ಲಿ. ಗೋಡೆಗೆ ಒರಗಿ ಟೀವಿ ನೋಡುತ್ತಿದ್ದಾಳೆ. ನಿಂತುಕೊಂಡು!

ಬೈದೆ. ಜೋರಾಗಿಯೇ ಬೈದೆ. "ಡಾಕ್ಟ್ರು ಏನಂದಿದ್ರು? ಮನೀಕೊಂಡಿರು ಅಂದ್ರೋ, ಸೀರಿಯಲ್ ನೋಡ್ಕೊಂಡು ಓಡಾಡು ಅಂದ್ರೋ?"

"ಕುಂತ್ಕಬ್ಯಾಡ ಅಂದಿದ್ರು. ಅದ್ಕೇ ನಿಂತ್ಕಂಡೆ," ಅಂದಳು. ಇವಳ ಬಾಯಿಗೆ ಹೊಲಿಗೆ ಹಾಕಿ ಕಳಿಸಬೇಕಿತ್ತು ಡಾಕ್ಟರು.

ನಾಲ್ಕು ತಿಂಗಳು ತುಂಬಿದೆ. ಇದು ಮೂರನೆಯದು. ಮೊದಲಿನ ಎರಡೂ ಐದು ದಾಟಲಿಲ್ಲ. ಈ ಸಲ ಮೈಸೂರಿನಲ್ಲಿ ಗರ್ಭದ ಬಾಯಿಗೆ ಸ್ಟಿಚ್ ಹಾಕಿ ಕಳಿಸಿದ್ದಾರೆ. ಹೆರಿಗೆಯವರೆಗೂ ಹಾಸಿಗೆ, ಎಡಮಗ್ಗುಲು. ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದೇನೆ. ಭಾರ ಎತ್ತುವಂತಿಲ್ಲ. ಬಾತ್‌ರೂಮಿಗಲ್ಲದೆ ಏಳುವಂತಿಲ್ಲ.

ಫೋನಿನಲ್ಲಿ ನೋಡು ಎಂದೆ. ಮಲಗಿ ಹಿಡಿದರೆ ಕೈ ಸೋತು ಮೂಗಿನ ಮೇಲೆ ಬೀಳುತ್ತದಂತೆ. ಮೂಗು ತೋರಿಸಿದಳು — ನಿಜವಾಗಿಯೂ ಕೆಂಪಗಿತ್ತು. ನಗು ಬಂತು. ಅವಳೂ ನಕ್ಕಳು.

ನಾನು ಇಲ್ಲದ ದಿನ ಹೀಗೇ ಎದ್ದು ಬರುತ್ತಾಳೆ. ಇಡೀ ದಿನ ಸೂರು ನೋಡಿಕೊಂಡು ಮಲಗು ಅಂದರೆ ಯಾರಿಗಾದರೂ ತಲೆ ಕೆಡುತ್ತದೆ. ಟೀವಿಯನ್ನೇ ರೂಮಿಗೆ ತರಬೇಕು.

ಆಗಸ್ಟ್ 6

ಆಫ್. ಬೆಳಗ್ಗೆಯಿಂದ ಟೀವಿ ಹೊತ್ತುಕೊಂಡು ತಿರುಗಿದ್ದೇ ಕೆಲಸ.

ರೂಮು ಅಂದರೆ ಎಷ್ಟು ದೊಡ್ಡದು... ಮಂಚ, ಬೀರು, ನಡುವೆ ನಾನು ಅಡ್ಡಡ್ಡ ನಡೆಯುವಷ್ಟು ಜಾಗ. ಮೊದಲು ಕಾಲ್ದೆಸೆಗೆ ಸ್ಟೂಲ್ ಹಾಕಿ ಇಟ್ಟೆ. "ಹೀರೋಯಿನ್ ಎಲ್ಲವ್ಳೆ? ನನ್ ಕಾಲ್ಬೆಳ್ಳೇ ಕಾಣ್ತಾವೆ," ಅಂದಳು. ಇಟ್ಟಿಗೆ ಕೊಟ್ಟಿದ್ದೇವಲ್ಲ, ಮಂಚದ ಆ ತುದಿ ಮೇಲೆದ್ದು ಅಡ್ಡ. ಆಮೇಲೆ ಬೀರು ಮೇಲೆ. ಅದು ಬಲಕ್ಕಿದೆ. ಕತ್ತು ತಿರುಗಿಸುತ್ತಾ ತಿರುಗಿಸುತ್ತಾ ಮೈಯೂ ಬಲಮಗ್ಗುಲಿಗೆ ಹೋಯಿತು. ಇಳಿಸಿದೆ.

ಬೇಕಾದ್ದು ಎಡಗಡೆ. ಎಡಗಡೆ ಗೋಡೆಗೂ ಮಂಚಕ್ಕೂ ಒಂದು ಗೇಣು. ಅಲ್ಲಿ ಯಾವ ಟೇಬಲ್ ಹಿಡಿಯುತ್ತೆ?

ಆಗಸ್ಟ್ 8

ಗೋಡೆಗೆ ಬ್ರಾಕೆಟ್ ಹೊಡೆಯೋಣ ಅಂತ ಓನರ್ ಶಿವರುದ್ರಸ್ವಾಮಿಯವರನ್ನು ಕೇಳಿದೆ.

"ಡ್ರಿಲ್ಲಿಂಗ್ ಮಾತ್ರ ಬ್ಯಾಡಿ ಕಣ್ರೀ ಮಾದೇಶಪ್ಪ. ಇಂದ್ಲ ಬಾಡಿಗೆಯೋರು ದೇವ್ರ ಫೋಟೋಕ್ಕೆ ಅಂತ ಒಂದ್ ಮೊಳೆ ಒಡುದ್ರು. ಗಾರೆ ಎಲ್ಲಾ ಉದುರಿ ದೇವ್ರ ತಲೆ ಮೇಲೇ ಬಿತ್ತು."

ಒಳ್ಳೆಯ ಮನುಷ್ಯ. ನಾನಿಲ್ಲದ ದಿನ ಅವರ ಹೆಂಡತಿ ವೀರಮ್ಮನೇ ಪದ್ಮಿನಿಗೆ ಮುದ್ದೆ ಸಾರು ತಂದುಕೊಡುವುದು. ಒತ್ತಾಯ ಮಾಡಲು ಬಾಯಿ ಬರಲಿಲ್ಲ. ಅಂಗಡಿಯಲ್ಲಿ ಕಾಲಿರುವ ಸ್ಟ್ಯಾಂಡ್ ವಿಚಾರಿಸಿದೆ. ಆ ದುಡ್ಡಿಗೆ ಇನ್ನೊಂದು ಹಳೇ ಟೀವಿ ಬರುತ್ತದೆ.

ಆಗಸ್ಟ್ 11, ಭಾನುವಾರ. ಸಂಜೆ

ಆಯಿತು! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಂಚದ ಎಡಕ್ಕೆ ಸೂರಿನಲ್ಲಿ ಒಂದು ಕೊಂಡಿ ಇದೆ. ಮನೆ ಕಟ್ಟುವಾಗಲೇ ಮೋಲ್ಡಿಂಗಿಗೆ ಸೇರಿಸಿ ಬಿಟ್ಟದ್ದು, ತೊಟ್ಟಿಲು ಕಟ್ಟಲು. ಎಲ್ಲರ ಮನೆಯಲ್ಲೂ ಬಿಟ್ಟಿರುತ್ತಾರೆ. ನಾನೇ ಜೋತುಬಿದ್ದು ನೋಡಿದೆ, ಅಲುಗಲಿಲ್ಲ. ಟೀವಿ ಬೆನ್ನಿಗೆ ಹಲಗೆ ಬೋಲ್ಟ್ ಮಾಡಿ, ಸರಪಣಿ ಹಾಕಿ ನೇತುಹಾಕಿದೆ. ಸರಿಯಾಗಿ ಅವಳ ಕಣ್ಣಿನ ಮುಂದೆ. ಸರಪಣಿ ಬಿಟ್ಟರೆ ಬಿಡಿಗಾಸು ಖರ್ಚಿಲ್ಲ.

ಪದ್ಮಿನಿ ಸ್ವಲ್ಪ ಹೊತ್ತು ಕೊಂಡಿಯನ್ನೇ ನೋಡಿದಳು. ಆಮೇಲೆ, "ಚೆನ್ನಾಗ್ ಕಾಣ್ತದೆ ಬುಡಿ," ಅಂದಳು.

ಫ್ಯಾನ್ ಹಾಕಿದರೆ ಟೀವಿ ಮೆಲ್ಲಗೆ ತಿರುಗುತ್ತದೆ. ಅತ್ತೆ ಪಾತ್ರದವಳು ಬೈಯುತ್ತಾ ಬೈಯುತ್ತಾ ಗೋಡೆ ಕಡೆ ತಿರುಗಿಬಿಟ್ಟಳು. ನಗಬೇಡ ಕಣೇ, ಹೊಟ್ಟೆ ಅಲುಗುತ್ತೆ ಅಂದೆ. ಕಿಟಕಿ ಸರಳಿಗೆ ದಾರ ಕಟ್ಟಿ ನಿಲ್ಲಿಸಿದೆ.

ಆಗಸ್ಟ್ 20

ಮುಳ್ಳೂರಿನಿಂದ ಅತ್ತೆ ಬಂದರು. ಮೊದಲೇ ಬರಬೇಕಿತ್ತು. ರೇಷ್ಮೆ ಹುಳ ನಾಲ್ಕನೇ ಜ್ವರದಲ್ಲಿದ್ದವು, ಪೊರೆ ಬಿಡುವ ಹೊತ್ತು, ಬಿಟ್ಟು ಬರುವಂತಿರಲಿಲ್ಲ. ಗೂಡು ಬಿಡಿಸಿ, ಮಾರಿ, ಮುಂದಿನ ಬೆಳೆ ಬೇಡವೆಂದು ಹುಳು ಮನೆ ತೊಳೆದು ಬಂದಿದ್ದಾರೆ. ಇನ್ನು ಹೆರಿಗೆವರೆಗೂ ಇಲ್ಲೇ.

ರೂಮಿಗೆ ಕಾಲಿಟ್ಟವರು ಅಲ್ಲೇ ನಿಂತರು.

"ಅಯ್ಯೋ ಶಿವ್ನೇ! ಅಳೀಮಯ್ಯ, ಇದ್ಯಾರ್ ಮಾಡಿದ್ ಕೆಲ್ಸ?"

"ನಾನೇ ಅತ್ತೆ. ಮಗು ಬಂದಾಗ ಬಿಚ್ತೀನಿ. ಕೊಂಡಿ ಎಲ್ಗೂ ಓಗಲ್ಲ."

"ತೊಟ್ಲು ಕಟ್ಟೋ ಜಾಗ ಕಣಪ್ಪಾ ಅದು. ಕೂಸು ಬರಕ್ಮುಂಚೆ ಅದ್ರ ಜಾಗ್ದಲ್ಲಿ ಇನ್ನೊಂದ್ನ ಕೂರಿಸ್ಬುಟ್ಯಲ್ಲ! ಖಾಲಿ ತೊಟ್ಲೇ ತೂಗ್ಬಾರ್ದು ಅಂತಾರೆ, ನೀನು ಟೀವಿ ತೂಗ್ತಾ ಕುಂತಿದ್ದೀಯ."

ನನಗೂ ರೇಗಿತು. ಕೊಂಡಿಗೆ ಕಣ್ಣಿದೆಯಾ, ಕಿವಿಯಿದೆಯಾ ಅಂದುಬಿಟ್ಟೆ. ಆಗ ಪದ್ಮಿನಿ ಮಲಗಿದ್ದಲ್ಲಿಂದಲೇ ಹೇಳಿದಳು —

"ನಾನೇ ಸುಮ್ಕಿದ್ದೆ ಕಣವ್ವ. ಆ ಕೊಂಡಿ ಖಾಲಿ ಇದ್ರೆ, ಬಂದೋರು ನನ್ ಹೊಟ್ಟೆ ನೋಡ್ತಾರೆ, ಆಮ್ಯಾಕೆ ಅದ್ನ ನೋಡ್ತಾರೆ. ಈಗ ಬಂದೋರು ಟೀವಿ ನೋಡ್ಕಂಡು ಓಯ್ತಾರೆ. ದೃಷ್ಟಿ ಬೀಳಲ್ಲ."

ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡರು. ನನಗೆ ಊಟ ಸೇರಲಿಲ್ಲ. ಇಷ್ಟು ದಿನ ಅವಳು ಅದರ ಕೆಳಗೆ ಮಲಗಿ ಇದನ್ನೆಲ್ಲ ಯೋಚಿಸುತ್ತಿದ್ದಳು. ನಾನು ಬೋಲ್ಟು, ಸರಪಣಿ ಅಂತ ಕುಣಿದಾಡಿದೆ.

ಟೀವಿ ಇಳಿಸಿದೆ.

ಆಗಸ್ಟ್ 22

ಅತ್ತೆಯದೇ ಉಪಾಯ. ಈಗ ಹುಳು ಸಾಕುತ್ತಿಲ್ಲ, ಹುಳು ತಟ್ಟೆ ಇಡುವ ಬಿದಿರಿನ ಸ್ಟ್ಯಾಂಡು ಮುಳ್ಳೂರಿನಲ್ಲಿ ಸುಮ್ಮನೆ ನಿಂತಿದೆ. ಅದರ ಅಗಲ ಕಡಿಮೆ, ಎತ್ತರ ಜಾಸ್ತಿ. ಇನ್ನಷ್ಟು ಕಡಿಮೆ ಮಾಡಲು ಅಡ್ಡ ಬಿದಿರು ಕೊಯ್ದು ಕಟ್ಟಿದೆವು. ಬಸ್ಸಿನ ಟಾಪ್ ಮೇಲೆ ತಂದೆ. ನನಗೆ ನಾನೇ ಲಗೇಜ್ ಟಿಕೆಟ್ ಹರಿದುಕೊಂಡೆ. "ಚಿಲ್ರೆ ಕೊಡಿ ಸಾ," ಅಂತ ಡ್ರೈವರ್ ಮುತ್ತಯ್ಯ ಆಡಿಕೊಂಡ.

ಮಂಚವನ್ನು ಬೀರುವಿಗೆ ಒತ್ತಿ, ಎಡಗಡೆ ಸ್ಟ್ಯಾಂಡು ತೂರಿಸಿದೆವು. ತಟ್ಟೆ ಇಡುವ ಮೂರನೇ ಅಂತಸ್ತಿನಲ್ಲಿ ಟೀವಿ. ಹೇಳಿ ಮಾಡಿಸಿದ ಹಾಗೆ. ಕೆಳಗಿನ ಅಂತಸ್ತಿಗೆ ಮಾತ್ರೆ, ನೀರು, ಬಾಚಣಿಗೆ. ಅತ್ತೆ ಅಭ್ಯಾಸಬಲದಿಂದ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟರು, ಇರುವೆ ಹತ್ತಬಾರದಂತೆ.

"ಟೀವಿಗೆ ಇರುವೆ ಯಾಕ್ ಅತ್ತೀತವ್ವಾ?" ಅಂತ ಪದ್ಮಿನಿ.

"ಮಾತ್ರೆ ಸಿಹಿ ಇರ್ತಾವೇನೋ, ಯಾವನಿಗ್ ಗೊತ್ತು."

ಸೆಪ್ಟೆಂಬರ್ 3

ಒದೆಯಿತು. ನನ್ನ ಕೈಗೇ ಸಿಕ್ಕಿತು. ಸೋಪಿನ ಜಾಹೀರಾತು ಬಂದಾಗ ಒದೆಯುತ್ತದಂತೆ. ಸೀರಿಯಲ್‌ಗೆ ಇಲ್ಲ, ನ್ಯೂಸ್‌ಗೆ ಇಲ್ಲ. ಜಾಹೀರಾತಿಗೇ ಕಾದು ಕೂತಿದ್ದೆ.

ಹೆಸರು ಯೋಚಿಸೋಣ ಅಂದೆ. "ಕೂಸು ಹುಟ್ಟಕ್ಮುಂಚೆ ಕುಲಾವಿ ಬ್ಯಾಡ," ಅಂತ ಅತ್ತೆ ಅಡುಗೆ ಮನೆಯಿಂದ ಕೂಗಿದರು. ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಇಲ್ಲೂ ಬರೆಯುವುದಿಲ್ಲ.

ಸೆಪ್ಟೆಂಬರ್ 10

ಐದು ದಾಟಿತು. ಮಾದಪ್ಪಾ, ದಾಟಿತಪ್ಪಾ.

ಇವತ್ತು ನೈಟ್ ಹಾಲ್ಟ್. ಹೊರಡುವಾಗ ಅತ್ತೆ, ಮಗಳು ಇಬ್ಬರೂ ಸೀರಿಯಲ್ ಸೊಸೆಯನ್ನು ಬೈಯುತ್ತಿದ್ದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎಷ್ಟು ಸಮಾಧಾನ ಆಯಿತೆಂದರೆ...

ಸೆಪ್ಟೆಂಬರ್ 27

ಬರೆಯಲು ಆಗಿರಲಿಲ್ಲ. ಬರೆಯದಿದ್ದರೆ ತಲೆಯೊಳಗೇ ಸುತ್ತುತ್ತದೆ.

ಹದಿನೆಂಟನೇ ತಾರೀಕು. ಗೋಪಿನಾಥಂನಿಂದ ಬೆಳಗಿನ ಗಾಡಿ. ಅಲ್ಲಿ ಸಿಗ್ನಲ್ ಇಲ್ಲ. ಮಾದಪ್ಪನ ಬೆಟ್ಟದ ಹತ್ತಿರ ಬಂದಾಗ ಫೋನು ಒಂದೇ ಸಮ ಕೂಗಿತು. ಎಲ್ಲ ವೀರಮ್ಮನ ಮಿಸ್ಡ್ ಕಾಲ್. ತಿರುಗಿಸಿ ಮಾಡಿದೆ. ರಾತ್ರಿಯೇ ನೀರು ಒಡೆದಿದೆ. ಓನರ್ ತಮ್ಮ ಕಾರಿನಲ್ಲೇ ಮೈಸೂರಿಗೆ ಕರೆದುಕೊಂಡು ಹೋಗಿದ್ದಾರೆ. "ಬೇಗ ಬಾಪ್ಪಾ," ಅಂದರು ವೀರಮ್ಮ. ಅವರ ದನಿಯಲ್ಲೇ ತಿಳಿಯಿತು.

ಬಸ್ ತುಂಬಾ ಜನ. ಮುತ್ತಯ್ಯನಿಗೆ ಹೇಳಿದೆ. ಗೇರ್ ಬದಲಿಸಿ ವೇಗ ಹೆಚ್ಚಿಸಿದ. ನಾನು ಟಿಕೆಟ್ ಕೊಡುತ್ತಲೇ ಇದ್ದೆ. ಒಬ್ಬಳು ಕಂಕುಳಲ್ಲಿ ಮಗು ಇಟ್ಟುಕೊಂಡು ಹತ್ತಿದಳು. "ಒಂದು ಆನೂರು," ಅಂದಳು. ಒಂದು ಹನೂರು ಕೊಟ್ಟೆ. ಹನೂರಿನಲ್ಲಿ ಕಂಟ್ರೋಲರ್‌ಗೆ ಟಿಕೆಟ್ ಮಿಷನ್ ಒಪ್ಪಿಸಿ ಬೇರೆ ಗಾಡಿ ಹತ್ತಿದೆ. ಕಾಮಗೆರೆ, ಕೊಳ್ಳೇಗಾಲ... ಆ ರಸ್ತೆಯಲ್ಲಿ ನನಗೆ ಗೊತ್ತಿಲ್ಲದ ಹಂಪ್ ಇಲ್ಲ. ಆವತ್ತು ಯಾವುದೂ ನೆನಪಿಲ್ಲ.

ಗಂಡು ಮಗು. ಅಳಲಿಲ್ಲ.

ನನ್ನ ಟವೆಲಿನಲ್ಲೇ ಸುತ್ತಿಕೊಂಡು ಬಂದೆ. ಮುಳ್ಳೂರಿನಲ್ಲಿ ಮಾವನ ಸಮಾಧಿ ಪಕ್ಕದಲ್ಲಿ ಮಣ್ಣು ಮಾಡಿದೆವು. ಮೂಗು ಅವಳದೇ.

ಡಾಕ್ಟರನ್ನು ಕೇಳಿದೆ, ನಮ್ಮಿಂದ ಏನಾದರೂ ತಪ್ಪಾಯಿತಾ ಮೇಡಂ ಎಂದು. ಇನ್ಫೆಕ್ಷನ್ ಆಗಿತ್ತು, ನಿಮ್ಮ ತಪ್ಪೇನೂ ಇಲ್ಲ, ಚೆನ್ನಾಗಿಯೇ ನೋಡಿಕೊಂಡಿದ್ದೀರಿ ಅಂದರು. ಕೊಂಡಿ ವಿಷಯ ನಾಲಿಗೆ ತುದಿಗೆ ಬಂತು. ನಗುತ್ತಾರೆ ಎಂದು ಕೇಳಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 1

ಅತ್ತೆ ಇನ್ನೂ ಇದ್ದಾರೆ. ಕೊಂಡಿಯ ಮಾತು ಎತ್ತುತ್ತಿಲ್ಲ. ಬೈದರೆ ನಾನೂ ತಿರುಗಿ ಬೈಯಬಹುದು, ಮನಸ್ಸು ಹಗುರಾಗುತ್ತದೆ. ಅವರು ತಟ್ಟೆಗೆ ಮುದ್ದೆ ಹಾಕಿ, "ಇನ್ನೊಂದ್ ಚೂರ್ ಸಾರು ಬುಟ್ಕೊ," ಎನ್ನುತ್ತಾರೆ. ಅಷ್ಟೇ.

ಇವತ್ತು ತಡೆಯಲಾಗಲಿಲ್ಲ. "ಅಂದ್ಬುಡಿ ಅತ್ತೆ. ಟೀವಿ ಅಲ್ಲಿ ಹಾಕಿದ್ದಕ್ಕೇ ಹಿಂಗಾಯ್ತು ಅಂತ ಅಂದ್ಬುಡಿ."

ಅತ್ತೆ ಒಲೆ ಆರಿಸಿ ಬಂದು ನನ್ನ ಎದುರಿಗೆ ಕೂತರು. "ನಿನ್ ಮ್ಯಾಲೆ ಆಕ್ಬುಟ್ರೆ ನಂಗೆ ನಿದ್ದೆ ಬಂದದೇ ಮಗಾ? ಆವತ್ತು ರಾತ್ರಿ ನಾನ್ ಪಕ್ಕದಲ್ಲೇ ಮನಗಿದ್ದೆ. ಅವ್ಳು ಸೊಂಟ ನೋವು ಅಂದ್ಳು. ನಾನು ಗ್ಯಾಸು ಅಂತ ಜೀರ್ಗೆ ಕಷಾಯ ಕಾಸ್ಕೊಟ್ಟೆ. ನಾನ್ ಯಾರ್ ತಾವ ಅನ್ಲಿ?"

ಇಬ್ಬರೂ ಅತ್ತೆವು. ರೂಮಿನಲ್ಲಿ ಪದ್ಮಿನಿ ಕೇಳಿಸಿಕೊಂಡಳೋ ಏನೋ.

ಅಕ್ಟೋಬರ್ 5

ಅತ್ತೆ ಊರಿಗೆ ಹೋದರು. ರೇಷ್ಮೆ ಮೊಟ್ಟೆ ತಂದು ಹೊಸ ಬೆಳೆ ಇಡಬೇಕು, ಸೊಪ್ಪು ಬಲಿಯುತ್ತಿದೆ. ಸ್ಟ್ಯಾಂಡು ವಾಪಸ್ ಬೇಕಾ ಎಂದು ಕೇಳಿದೆ. ಬೇಡ ಅಂದರು.

ಪದ್ಮಿನಿ ಈಗಲೂ ಎಡಮಗ್ಗುಲಿಗೇ ಮಲಗುತ್ತಾಳೆ. ಎದೆಹಾಲು ಬಂದು ರವಿಕೆ ಒದ್ದೆ. ಅದಕ್ಕೂ ಮಾತ್ರೆ ಕೊಟ್ಟಿದ್ದಾರೆ. ನಿಲ್ಲುತ್ತಿಲ್ಲ. ಟೀವಿ ಅವಳ ಮುಖದ ಮುಂದೆ ಕಪ್ಪಗೆ. ಹಾಕಲಾ ಅಂದೆ. "ಬ್ಯಾಡ." ತೆಗೆದುಬಿಡಲಾ ಅಂದೆ. ಅದಕ್ಕೂ "ಬ್ಯಾಡ."

"ಬಲಕ್ಕೂ ತಿರುಗಬಹುದು ಪದ್ಮಿ. ಈಗ ಏನೂ ಆಗಲ್ಲ," ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಈಗ ಏನೂ ಆಗಲ್ಲ! ಎಂಥ ಮಾತು ಆಡಿದೆ.

ಅಕ್ಟೋಬರ್ 9

ಹೊಸ ಡ್ಯೂಟಿ ರೋಟಾದಲ್ಲಿ ಯಳಂದೂರು ಶಟಲ್ ಸಿಕ್ಕಿದೆ. ದಿನಾ ಸಂಜೆ ಮನೆಗೆ. ನೈಟ್ ಹಾಲ್ಟ್ ಇಲ್ಲ. ಪದ್ಮಿನಿಗೆ ಹೇಳಿದೆ. "ಒಳ್ಳೇದಾಯ್ತು," ಅಂದಳು.

ಅಕ್ಟೋಬರ್ 14, ಸೋಮವಾರ. ಸಂಜೆ

ಬಾಗಿಲು ತೆಗೆದರೆ ಟೀವಿ ಹಾಲಿನಲ್ಲಿ. ಮೊದಲಿದ್ದ ಜಾಗದಲ್ಲೇ.

ರೂಮಿಗೆ ಹೋದೆ. ಸ್ಟ್ಯಾಂಡು ಇಲ್ಲ. ಮಂಚ ಎಡಗೋಡೆಗೆ ಬಂದಿದೆ, ಕಾಲ್ದೆಸೆ ನೆಲಕ್ಕೆ ಇಳಿದಿದೆ. ಆ ಮಂಚ ಎತ್ತಿ ಇಟ್ಟಿಗೆ ಕೊಡಲು ನಾನೂ ಓನರೂ ಇಬ್ಬರು ಬೇಕಾಗಿತ್ತು. ಹಿತ್ತಲಿಗೆ ಓಡಿದೆ. ಬಿದಿರಿನ ಸ್ಟ್ಯಾಂಡು ಗೋಡೆಗೆ ಒರಗಿದೆ. ಪದ್ಮಿನಿ ತುಂಬಿದ ಕೊಡ ಸೊಂಟದ ಮೇಲೆ ಇಟ್ಟುಕೊಂಡು ನಲ್ಲಿ ಹತ್ತಿರ ನಿಂತಿದ್ದಾಳೆ. ಬೆವರು. ಕೈಯೆಲ್ಲ ತರಚಿದೆ.

"ಏಯ್! ಯಾಕೆ ಎತ್—"

ಅಷ್ಟೇ. ಇನ್ನು ಯಾರಿಗೋಸ್ಕರ ಹೇಳಲಿ?

ಅವಳು ನನ್ನನ್ನೇ ನೋಡಿದಳು.

"ಅನ್ನಿ."

"ಏನು?"

"ಬೆಳಗ್ಗಿಂದ ಎಲ್ಲಾ ಒಬ್ಳೇ ಎತ್ತಿಟ್ಟೆ. ಯಾರೂ ಬ್ಯಾಡ ಅನ್ಲಿಲ್ಲ. ವೀರಮ್ಮನೂ ನೋಡ್ಕಂಡು ಒಳಕ್ಕೋದ್ರು. ನೀವಾದ್ರೂ ಬೈಯ್ರಿ. ಮುಂಚೆ ಬೈತಿದ್ರಲ್ಲ, ಅಂಗೇ. ಒಂದ್ಸಲ."

ಆದರೂ ಅಂದೆ. "ಭಾರ ಎತ್ತಬ್ಯಾಡ ಕಣೇ ಪದ್ಮಿ. ಎಷ್ಟ್ ಸಲ ಹೇಳೋದು ನಿಂಗೆ..."

"ಊಂ," ಅಂದಳು. ಕೊಡ ಮಾತ್ರ ಇಳಿಸಲಿಲ್ಲ. ನಾನು ಹೋಗಿ ಅವಳ ಸೊಂಟದಿಂದ ಕೊಡ ತೆಗೆದುಕೊಳ್ಳಲು ಕೈ ಹಾಕಿದೆ. ಬಿಡಲಿಲ್ಲ. ಇಬ್ಬರೂ ಹಿಡಿದುಕೊಂಡೇ ಒಳಗೆ ತಂದು ಅಡುಗೆ ಮನೆಯಲ್ಲಿ ಇಳಿಸಿದೆವು.